ಮಳೆಗಾಲದಲ್ಲಿ ಓದಿದ ಎರಡು ಕಾದಂಬರಿಗಳು

ಕಾದಂಬರಿ ಓದುವ ಹುಡುಗಿಯು ಮನೆಗೆಲಸಕ್ಕೂ ಸಲ್ಲಳು, ಪಾಠಕ್ಕೂ ಸಲ್ಲಳೆಂಬ ಮಾತನ್ನು ಕೇಳುತ್ತಲೇ ನಾವು ಬೆಳೆದೆವು. ಭೂಗೋಳದ ಪುಸ್ತಕದೊಳಗೆ ಕಾದಂಬರಿಯನ್ನು ಅಡಗಿಸಿಟ್ಟು ಓದಿ ಸಿಕ್ಕಿಬಿದ್ದವರಲ್ಲಿ ನಾವೂ ಒಬ್ಬರೆಂಬುದನ್ನು ಹಳೆಯ ಸಹಪಾಠಿಗಳು ಮರೆತಿರಲಾರರು. ಈಗ ಅಡಗಿಸಬೇಕಾದ ವಯಸ್ಸು ಕಳೆದಿದೆ. ಕಳೆದ ಮಳೆಗಾಲದಲ್ಲಿ, ಬಂಟವಾಳದಲ್ಲಿ ನೇತ್ರಾವತಿಯು ತುಂಬಿ ಹರಿಯುತ್ತಿದ್ದಾಗ, ಕೇವಲ ಮನಸ್ಸಿನ ಸಂತೋಷಕ್ಕಾಗಿ ಎರಡು ಕಾದಂಬರಿಗಳನ್ನು ಓದಿದೆವು.

ಮೊದಲನೆಯದು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ಇದು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯು ನಮ್ಮ ಜಿಲ್ಲೆಯದೆಂಬುದು ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ! ಬಾಲವಿಧವೆಯಾದ ಇಂದಿರೆಯು ಕಪಟ ಸಂತರ ಹಾವಳಿಯಿಂದ ತಪ್ಪಿಸಿಕೊಂಡು, ಅಮೃತರಾಯನ ಆಶ್ರಯವನ್ನು ಸೇರಿ, ವಿದ್ಯೆ ಕಲಿತು, ಭಾಸ್ಕರರಾಯನನ್ನು ವರಿಸುತ್ತಾಳೆ. ಪೋಲೀಸು ಇಲಾಖೆಯಲ್ಲಿದ್ದ ಗ್ರಂಥಕರ್ತರಿಗೆ ಕಪಟಿಗಳ ಗುರುತು ಚೆನ್ನಾಗಿತ್ತು. ಅವರನ್ನು ಚಿತ್ರಿಸಿದ ಪುಟಗಳನ್ನು ಓದುತ್ತಾ ನಾವು ಒಬ್ಬರೇ ಕುಳಿತು ನಕ್ಕೆವು. ಆದರೆ ಸಜ್ಜನರು ಮಾತ್ರ ಅತಿ ಸಜ್ಜನರು. ಬಾಯಿ ತೆರೆದರೆ ಉಪನ್ಯಾಸ. ಭಾಸ್ಕರರಾಯನು ವಿಲಾಯತಿಗೆ ಹೋಗಿ ದೊಡ್ಡ ಅಧಿಕಾರಿಯಾಗಿ ಬಾರದೆ ಇದ್ದಿದ್ದರೆ ಇಂದಿರೆಯ ಗತಿ ಏನಾಗುತ್ತಿತ್ತೆಂಬ ಪ್ರಶ್ನೆಯು ಪುಸ್ತಕ ಮುಚ್ಚಿದ ಮೇಲೂ ನಮ್ಮನ್ನು ಬಿಡಲಿಲ್ಲ.

ಎರಡನೆಯದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941). ಇಲ್ಲಿಯೂ ಒಬ್ಬ ವಿಧವೆಯಿದ್ದಾಳೆ: ರಾಮ ಐತಾಳರ ತಂಗಿ ಸರಸೋತಿ. ಅವಳನ್ನು ಬಿಡಿಸಿಕೊಂಡು ಹೋಗಲು ಯಾರೂ ಬರುವುದಿಲ್ಲ. ಅತ್ತಿಗೆ ಪಾರೋತಿಯೊಡನೆ ಗದ್ದೆಯಲ್ಲಿ, ಮನೆಯಲ್ಲಿ ದುಡಿದು ದುಡಿದೇ ಅವಳ ಆಯುಷ್ಯವು ಸವೆಯುತ್ತದೆ. ಇಂಗ್ಲಿಷು ಕಲಿತ ಲಚ್ಚನು ಮನೆಯನ್ನೇ ಹಾಳುಗೆಡಹುತ್ತಾನೆ. ವಿದ್ಯೆಯೊಂದರಿಂದಲೇ ಸಕಲವೂ ಸರಿಹೋಗುವುದೆಂದು ನಂಬಿದ ಇಂದಿರೆಯ ಕಾಲಕ್ಕೆ ಇದು ತಕ್ಕ ಉತ್ತರವೆಂದು ನಮಗೆ ತೋರಿತು.

ಬೆಳ್ತಂಗಡಿಯ ಕಡೆ ನಮಗೊಬ್ಬ ಚಿಕ್ಕಜ್ಜಿಯಿದ್ದರು. ಹದಿಮೂರನೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ನಾವು ರಜೆಗೆ ಹೋದಾಗಲೆಲ್ಲ ಅವರು ಅಡಿಕೆ ಸುಲಿಯುತ್ತಾ, "ಮಗಾ, ಏನಾದರೂ ಓದಿ ಹೇಳು" ಎನ್ನುತ್ತಿದ್ದರು. ನಾವು ಆಟಕ್ಕೆ ಓಡುತ್ತಿದ್ದೆವು. ಸರಸೋತಿಯ ಪುಟಗಳಿಗೆ ಬಂದಾಗ ಆ ಕೈಗಳು ಕಣ್ಣಮುಂದೆ ಬಂದು ಓದು ಮುಂದುವರಿಯಲಿಲ್ಲ. ಪುಸ್ತಕವನ್ನು ಎರಡು ದಿನ ಮುಚ್ಚಿಟ್ಟೆವು. ಇಂದಿರೆಯನ್ನು ಮೆಚ್ಚಿದೆವು, ಸರಸೋತಿಯನ್ನಾದರೋ ಬಲ್ಲೆವು. ನಮ್ಮ ಗೆಳತಿಯೊಬ್ಬಳು ಹೆಣ್ಣುಮಕ್ಕಳಿಗೆ ಇಂದಿರೆಯೇ ತಕ್ಕ ಮಾದರಿಯೆನ್ನುತ್ತಾಳೆ. ಮಾದರಿಗಾಗಿ ಹೌದು. ಆದರೆ ಮನೆಯೊಳಗೆ ಮೌನವಾಗಿ ದುಡಿದವರು ಯಾರೆಂದು ಅರಿಯಲು ಕಾರಂತರೇ ಬೇಕು.

ಮಕ್ಕಳ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಮಗಳ ಕೈಯಲ್ಲಿ ಇಂಥ ಪುಸ್ತಕವನ್ನು ಕಂಡಾಗ, "ಇದು ಪರೀಕ್ಷೆಗುಂಟೋ?" ಎಂದು ಕೇಳಬೇಡಿರಿ. ಮೂಡಬಿದ್ರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಯೋಲೆಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಅವುಗಳ ಮುದ್ರಣವು ಆರಂಭವಾದುದು 1939ರಲ್ಲಿ. ಅಲ್ಲಿಯವರೆಗೆ ಪೂಜಿಸಿದವರು ಬಹುಮಂದಿ, ಓದಿದವರು ಕೆಲವೇ ಮಂದಿ. ನಮ್ಮ ಹಳೆಯ ಕಾದಂಬರಿಗಳ ಅವಸ್ಥೆಯೂ ಈಗ ಸುಮಾರು ಹೀಗೆಯೇ: ಹೆಸರು ಹೇಳಿ ಹೊಗಳುವವರುಂಟು, ಕಪಾಟಿನ ಬೀಗ ತೆಗೆಯುವವರಿಲ್ಲ.

ನಮ್ಮ 'ಮರಳಿ ಮಣ್ಣಿಗೆ'ಯ ಪ್ರತಿಯು ಸದ್ಯ ಮೂಡಬಿದ್ರೆಯ ಸಹಪಾಠಿಯೊಬ್ಬಳ ಮನೆಯಲ್ಲಿದೆ. ಅವಳ ಮಗಳು ಓದಿ ಮುಗಿಸಿದ ಮೇಲೆ ಅದು ಬೆಳ್ತಂಗಡಿಗೆ ಹೋಗತಕ್ಕದ್ದು. ಬೇಕಾದವರು ಈಗಲೇ ಹೇಳಿಡಬಹುದು. ಪುಟಗಳ ಮೂಲೆ ಮಡಚಬಾರದೆಂಬುದೊಂದೇ ನಮ್ಮ ಷರತ್ತು.