ಟಿಪ್ಪುವಿನ ಹುಲಿಯ ಕಥೆಯಲ್ಲಿರುವುದು ಯಾವ ಮನ್ರೋ?

ಟಿಪ್ಪು ಸುಲ್ತಾನನ ಮರದ ಹುಲಿಯ ಫೋಟೊ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಕೆಂಪು ಕೋಟಿನ ಬಿಳಿಯನೊಬ್ಬನ ಕುತ್ತಿಗೆಗೆ ಹುಲಿ ಬಾಯಿ ಹಾಕಿದೆ. ‘ಹುಲಿಗೆ ಬಲಿಯಾದದ್ದು ಸರ್ ಮನ್ರೋನ ಮಗ’ ಎಂಬ ಸಾಲನ್ನು ಓದಿದ ಕೂಡಲೇ ನಮಗೆ ನೆನಪಾಗುವುದು ಮಂತ್ರಾಲಯದ ಕಥೆಯ ಕಲೆಕ್ಟರ್ ಥಾಮಸ್ ಮನ್ರೋ. ರಾಯರ ಭಕ್ತರು ಗೌರವಿಸುವ ವ್ಯಕ್ತಿಯ ಮಗನ ಸಾವನ್ನು ಟಿಪ್ಪು ಆಟಿಕೆ ಮಾಡಿಕೊಂಡ ಎಂದಾದರೆ, ಇನ್ನೂರು ವರ್ಷ ಹಳೆಯ ಸಾವೊಂದು ಇವತ್ತಿನ ಜಗಳಕ್ಕೆ ಸೌದೆಯಾಗಲು ಎಷ್ಟು ಹೊತ್ತು ಬೇಕು?

ಇಸವಿ ನೋಡಿದರೆ ಸಾಕು. ಹುಲಿ ದಾಳಿ ನಡೆದದ್ದು 1792ರ ಡಿಸೆಂಬರ್‌ನಲ್ಲಿ, ಬಂಗಾಳದ ಸಾಗರ ದ್ವೀಪದಲ್ಲಿ. ಥಾಮಸ್ ಮನ್ರೋ ಮದುವೆಯಾದದ್ದೇ 1814ರಲ್ಲಿ! ಜಿಂಕೆ ಬೇಟೆಗೆ ಹೋಗಿ, ಊಟಕ್ಕೆ ಕುಳಿತಿದ್ದಾಗ ಹುಲಿಗೆ ಸಿಕ್ಕ ಆ ಯುವಕ ಜನರಲ್ ಹೆಕ್ಟರ್ ಮನ್ರೋನ ಮಗ.

ಗೊಂದಲಕ್ಕೆ ಕಾರಣ ಇಲ್ಲದಿಲ್ಲ. 1764ರಲ್ಲಿ ಬಕ್ಸಾರ್ ಗೆದ್ದಿದ್ದ ಹೆಕ್ಟರ್, 1780ರಲ್ಲಿ ಹೈದರಾಲಿಯ ಎದುರು ಮದ್ರಾಸಿನ ಸೈನ್ಯ ನಡೆಸಿದ. ಪೊಳ್ಳಿಲೂರಿನಲ್ಲಿ ಬೇಲಿಯ ತುಕಡಿ ನಾಶವಾದಾಗ ಅವನು ಹತ್ತಿರದ ಕಂಚಿಯಲ್ಲೇ ಇದ್ದ. ಕೊನೆಗೆ ದೊಡ್ಡ ಫಿರಂಗಿಗಳನ್ನು ದೇವಸ್ಥಾನದ ಕಲ್ಯಾಣಿಗೆ ಎಸೆದು ಮದ್ರಾಸಿಗೆ ಹಿಂದಿರುಗಿದ. ಅದೇ ವರ್ಷ ಕೆಡೆಟ್ ಆಗಿ ಹಡಗಿಳಿದ ಥಾಮಸ್ ಸಹ ಅದೇ ಸೈನ್ಯದಲ್ಲಿದ್ದ. ಕೆನರಾ, ಬಳ್ಳಾರಿ ಸೀಮೆಯ ಕಂದಾಯದ ಕೆಲಸ, ರೈತವಾರಿ ಪದ್ಧತಿ, ಮದ್ರಾಸಿನ ಗವರ್ನರ್ ಹುದ್ದೆ ಎಲ್ಲ ಅವನಿಗೆ ಬಂದದ್ದು ಆಮೇಲೆ.

ಇಬ್ಬರೂ ಒಂದೇ ಮನೆಯವರೇ? ಅಲ್ಲ. ಮನ್ರೋ ಎಂಬುದು ಸ್ಕಾಟ್ಲೆಂಡಿನ ಒಂದು ಕುಲದ ಹೆಸರು. ಅಲ್ಲಿ ಮುಖ್ಯಸ್ಥನ ಆಶ್ರಯದಲ್ಲಿದ್ದವರೂ ಅದೇ ಹೆಸರು ಇಟ್ಟುಕೊಳ್ಳುತ್ತಿದ್ದರು. ಹೆಕ್ಟರ್ ಉತ್ತರದ ರಾಸ್ ಸೀಮೆಯವನು, ಥಾಮಸ್ ಗ್ಲಾಸ್ಗೋದ ವ್ಯಾಪಾರಿಯ ಮಗ. ಇಬ್ಬರು ಪಾಟೀಲರು ಎದುರಾದರೆ ನಾವು ಅಣ್ಣತಮ್ಮ ಎನ್ನುವುದಿಲ್ಲವಲ್ಲ!

‘ಸರ್’ ಕೂಡ ಮೋಸ ಮಾಡುತ್ತದೆ. ಹೆಕ್ಟರ್‌ನ ನೈಟ್ ಪದವಿ ಅವನೊಂದಿಗೇ ಮುಗಿಯಿತು. ಥಾಮಸ್‌ಗೆ 1825ರಲ್ಲಿ ಸಿಕ್ಕ ಬ್ಯಾರೊನೆಟ್ ಪದವಿ ವಂಶಪಾರಂಪರ್ಯದ್ದು. ಅದು ದಾಟಿಕೊಂಡು ಮೊಮ್ಮಗ ಹ್ಯೂ ಮನ್ರೋವರೆಗೂ ಹೋಯಿತು. ಅವನು 1891ರಲ್ಲಿ ಪಟ್ಟಿ ಮಾಡಿದ, 3,000 ಅಡಿ ಮೀರಿದ ಸ್ಕಾಟಿಷ್ ಶಿಖರಗಳಿಗೆ ಈಗಲೂ ‘ಮನ್ರೋ’ ಎಂದೇ ಹೆಸರು. ಅಂದಹಾಗೆ ‘ಸರ್’ ಸೇರುವುದು ಮೊದಲ ಹೆಸರಿಗೆ, ಸರ್ ಥಾಮಸ್ ಎಂಬಂತೆ. ಬರೀ ‘ಸರ್ ಮನ್ರೋ’ ಎಂದಿದ್ದರೆ ಬರೆದವರು ಯಾವ ಮನ್ರೋ ಎಂದು ನೋಡಿಯೇ ಇಲ್ಲ ಎಂದು ನಾವು ಅನುಮಾನಿಸುತ್ತೇವೆ.

ಹೆಕ್ಟರ್‌ನ ಮಗನ ಸಾವನ್ನು ಕೇಳಿಯೇ ಟಿಪ್ಪು ಆಟಿಕೆ ಮಾಡಿಸಿದ ಎಂಬುದೂ ಊಹೆಯೇ. ಹುಲಿ ಅದಕ್ಕೂ ಮೊದಲೇ ಅವನ ಲಾಂಛನವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಸಿಕ್ಕ ಆಟಿಕೆ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇನ್ನು ಕೇರಳದ ಕೊಲ್ಲಂ ಬಳಿಯ ಮನ್ರೋ ದ್ವೀಪಕ್ಕೆ ಟೂರ್ ಹೋದವರು ಅದನ್ನೂ ಥಾಮಸ್‌ನ ಲೆಕ್ಕಕ್ಕೆ ಬರೆಯಬೇಡಿ. ಅದು ತಿರುವಾಂಕೂರಿನ ರೆಸಿಡೆಂಟ್ ಆಗಿದ್ದ ಕರ್ನಲ್ ಜಾನ್ ಮನ್ರೋನ ಹೆಸರು.