ಬರಲಿರುವ ವೇತನ, ಬಂದಿರುವ ಕಂತು

ಧಾರವಾಡದಿಂದ ಅಳ್ನಾವರದತ್ತ ಸಾಗುವ ರೈಲುಮಾರ್ಗದಲ್ಲಿರುವ ಮುಗದ ಗ್ರಾಮವು ಕೆರೆಗೂ ಭತ್ತದ ಸಂಶೋಧನೆಗೂ ಹೆಸರಾದುದು. ಸುಗ್ಗಿಯನ್ನು ನಂಬಿ ಅಂಗಡಿಯಲ್ಲಿ ಉದ್ರಿ ಪಡೆಯುವುದು ಇಂಥ ಊರುಗಳಿಗೆ ಹೊಸದಲ್ಲ. ಆದರೆ ಮಳೆ ಕೈಕೊಟ್ಟೀತೆಂಬ ಅಳುಕು ಅಲ್ಲಿ ಕೊಡುವವನಿಗೂ ಕೊಳ್ಳುವವನಿಗೂ ಇರುತ್ತದೆ. ತಿಂಗಳ ಸಂಬಳದವನ ಗೃಹಸಾಲದಲ್ಲಿ ಆ ಅಳುಕು ಕಾಣುವುದಿಲ್ಲ. ವೇತನ ಆಯೋಗ ಬರುತ್ತದೆ, ಕಂತು ತಾನಾಗಿಯೇ ಹಗುರವಾಗುತ್ತದೆ ಎಂಬ ಎಣಿಕೆಯ ಮೇಲೆ ಮನೆಯ ಅಳತೆಯೇ ದೊಡ್ಡದಾಗಿಬಿಡುತ್ತದೆ.

ರಾಜ್ಯದ ಏಳನೆಯ ವೇತನ ಆಯೋಗದ ಅನುಭವವನ್ನೇ ನೋಡಬಹುದು. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಆ ಆಯೋಗದ ಶಿಫಾರಸಿನಂತೆ ಮೂಲವೇತನದ ಮೇಲೆ ಶೇ. 27.5ರಷ್ಟು ಹೆಚ್ಚಳ ದೊರೆಯಿತು. ಲೆಕ್ಕಕ್ಕೆ ಅದು 2022ರ ಜುಲೈ 1ರಿಂದಲೇ ಜಾರಿ. ಹಣ ಕೈಸೇರತೊಡಗಿದ್ದು 2024ರ ಆಗಸ್ಟ್ 1ರಿಂದ. ನಡುವೆ, 2023ರ ಏಪ್ರಿಲ್‌ನಿಂದ ಶೇ. 17ರ ಮಧ್ಯಂತರ ಪರಿಹಾರ ಸಂದಾಯವಾಗುತ್ತಿತ್ತು. ಆದುದರಿಂದ ಆಗಸ್ಟ್ ತಿಂಗಳಲ್ಲಿ ಹೊಸದಾಗಿ ದಕ್ಕಿದ್ದು ಹಳೆಯ ಮೂಲವೇತನದ ಶೇ. 10.5 ಹಾಗೂ ಅದಕ್ಕೆ ಹೊಂದಿದ ಭತ್ಯೆಗಳ ವ್ಯತ್ಯಾಸ ಮಾತ್ರ. ತುಟ್ಟಿಭತ್ಯೆಯನ್ನಂತೂ ಹೆಚ್ಚಳವೆಂದು ಎಣಿಸುವುದೇ ತಪ್ಪು. ಅದು ಏರಿದ ಬೆಲೆಗೆ ಕೊಡುವ ಪರಿಹಾರ, ಕಿರಾಣಿ ಅಂಗಡಿಗೆ ಹೋಗಬೇಕಾದ ಹಣ.

ವೇತನ ಕಾಯಿಸಿತು, ಬಡ್ಡಿ ಕಾಯಲಿಲ್ಲ. 2022ರ ಮೇ ಆರಂಭದಲ್ಲಿ ಶೇ. 4ರಷ್ಟಿದ್ದ ರಿಸರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರುವರಿಗೆ 6.5ಕ್ಕೆ ಏರಿತು. ಇಪ್ಪತ್ತು ವರ್ಷದ ಅವಧಿಗೆ 20 ಲಕ್ಷ ರೂಪಾಯಿ ಸಾಲವೆಂದುಕೊಂಡರೆ ಶೇ. 7ರ ದರದಲ್ಲಿ ತಿಂಗಳ ಕಂತು 15,506 ರೂಪಾಯಿ, 9.5ರ ದರದಲ್ಲಿ 18,643. ಇನ್ನೂ ವಿಚಿತ್ರವೆಂದರೆ, 9.5ರ ದರದಲ್ಲಿ ಮೊದಲ ತಿಂಗಳ ಬಡ್ಡಿಯೇ 15,833 ರೂಪಾಯಿ ಆಗುತ್ತದೆ. ಹಳೆಯ ಕಂತನ್ನೇ ಕಟ್ಟುತ್ತ ಹೋದವನ ಸಾಲ ಕರಗುವುದಿರಲಿ, ಬೆಳೆಯುತ್ತದೆ! ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಬೇಕಾಗಿ ಬಂದದ್ದು ಸುಮ್ಮನಲ್ಲ.

ಇದು ಸಂಬಳದಾರರ ಮನೆವಾರ್ತೆ, ವ್ಯಾಪಾರಿಗೇನು ಎಂದು ಕೇಳಬಹುದು. ಕಂತು ಏರಿದ ಮನೆಯಲ್ಲಿ ಮೊದಲು ಕಡಿತವಾಗುವುದು ಬಟ್ಟೆ, ಪಾತ್ರೆ, ಪೀಠೋಪಕರಣಗಳ ಖರೀದಿ. ಸಿಮೆಂಟು, ಕಬ್ಬಿಣ ಕೊಟ್ಟವನ ಬಾಕಿ ಬ್ಯಾಂಕಿನ ಕಂತಿನ ನಂತರವೇ. ಬ್ಯಾಂಕಿಗೆ ಅಡಮಾನವಿದೆ, ಅಂಗಡಿಕಾರನಿಗೆ ಇರುವುದು ಉದ್ರಿ ಪುಸ್ತಕವೊಂದೇ. ಅಲ್ಲದೆ ಸಣ್ಣ ಉದ್ಯಮಿಯು ತನಗಾಗಿ ಗೃಹಸಾಲ ಕೇಳಹೋದರೆ ಹಿಂದಿನ ವರ್ಷಗಳ ಆದಾಯ ತೆರಿಗೆ ವಿವರಣೆಯನ್ನು ಮುಂದಿಡಬೇಕು. ಮುಂದಿನ ವರ್ಷದ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಕಟ್ಟುನಿಟ್ಟು ಅವನಿಗೆ ಕಿರಿಕಿರಿಯಾದರೂ ಸಂಬಳದಾರನಿಗೂ ಇದೇ ಅಳತೆಗೋಲು ಒಪ್ಪುವಂಥದು.

ಇಂದಿನ ಸಂಬಳಕ್ಕೆ ಹೊರೆಯಾಗದಷ್ಟೇ ಸಾಲ ಪಡೆದು, ಹೆಚ್ಚಳ ಬಂದಾಗ ಕಂತನ್ನು ಏರಿಸುವುದು ಮೇಲು. ಶೇ. 8.5ರ ದರದಲ್ಲಿ 20 ಲಕ್ಷಕ್ಕೆ 20 ವರ್ಷದ ಕಂತು 17,356 ರೂಪಾಯಿ. ಪ್ರತಿವರ್ಷ ಆ ಕಂತನ್ನು ಶೇ. 5ರಷ್ಟು ಹೆಚ್ಚಿಸುತ್ತ ಹೋದರೆ, ದರ ಬದಲಾಗದಿದ್ದಲ್ಲಿ, ಹನ್ನೆರಡು ವರ್ಷ ದಾಟುತ್ತಲೇ ಸಾಲ ತೀರುತ್ತದೆ.

ಎಂಟನೆಯ ಕೇಂದ್ರ ವೇತನ ಆಯೋಗಕ್ಕೆ ವರದಿ ಸಲ್ಲಿಸಲು 2025ರಲ್ಲಿ 18 ತಿಂಗಳ ಅವಧಿ ನೀಡಲಾಯಿತು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ ಅದನ್ನು ನೆಚ್ಚಿ ನಿವೇಶನ ನೋಡುವವರಿರುವಂತೆ, ಸರಕು ತರಿಸಿಡುವ ವರ್ತಕರೂ ಇದ್ದಾರು. ವರದಿಗೂ ಜಾರಿಗೂ ನಡುವಿನ ತಿಂಗಳುಗಳನ್ನು ಈ ಇಬ್ಬರೂ ಲೆಕ್ಕಕ್ಕೆ ಹಿಡಿದುಕೊಳ್ಳಬೇಕಾಗುತ್ತದೆ.