ಕಾಣದ ನಾಡಿಗೆ ಒಡೆತನದ ಬಿರುದು

ಅರಸರು ತಮ್ಮ ಹೆಸರಿನೊಡನೆ ಬಿರುದಾವಳಿಯನ್ನು ಹೊತ್ತು ಮೆರೆಯುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ಪದ್ಧತಿ. ಆಳುತ್ತಿರುವ ನಾಡಿನ ಹೆಸರನ್ನು ಹೇಳಿಕೊಂಡರೆ ಯಾರೂ ಆಕ್ಷೇಪಿಸಲಾರರು. ಆದರೆ ತಾವು ಕಾಲಿಡದ ನೆಲಕ್ಕೂ, ತಮ್ಮ ಹೆಸರನ್ನೇ ಕೇಳದ ಪ್ರಜೆಗಳಿಗೂ ತಾವೇ ಪ್ರಭುಗಳೆಂದು ಸಾರಿಕೊಂಡವರು ಚರಿತ್ರೆಯಲ್ಲಿ ಬಹಳ ಮಂದಿ. ಇಂತಹ ಬಿರುದುಗಳನ್ನು ಓದಿ ನಕ್ಕು ಸುಮ್ಮನಾಗುವುದು ನಮ್ಮ ವಾಡಿಕೆ. ನಗತಕ್ಕವು ಇವುಗಳಲ್ಲಿ ಕೆಲವುಂಟು, ನಿಜ. ಎಲ್ಲವೂ ಹಾಗಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬೇಕೆಂದು ನಮ್ಮ ಇಚ್ಛೆ.

ಮೊದಲು ನಗತಕ್ಕವನ್ನು ನೋಡೋಣ. ಇಂಗ್ಲೆಂಡಿನ ಮೂರನೆಯ ಎಡ್ವರ್ಡನು 1340ರಲ್ಲಿ ಫ್ರಾನ್ಸಿನ ರಾಜನೆಂಬ ಬಿರುದನ್ನು ಧರಿಸಿದನು. ಫ್ರಾನ್ಸಿನ ನೆಲದಲ್ಲಿ ಇಂಗ್ಲಿಷರಿಗೆ ಕಟ್ಟಕಡೆಗೆ ಉಳಿದಿದ್ದ ಕ್ಯಾಲೆ ಪಟ್ಟಣವೂ 1558ರಲ್ಲಿ ಕೈಬಿಟ್ಟಿತು. ಪಟ್ಟಣ ಹೋದರೂ ಬಿರುದು ಹೋಗಲಿಲ್ಲ. ಫ್ರಾನ್ಸು 1792ರಲ್ಲಿ ಗಣರಾಜ್ಯವಾಗಿ ಎಂಟು ವರ್ಷ ಕಳೆದ ಮೇಲೆ, 1801ರಲ್ಲಿ, ಮೂರನೆಯ ಜಾರ್ಜನು ಅದನ್ನು ಕೆಳಗಿಟ್ಟನು. ಜೆರೂಸಲೇಮಿನ ಕಥೆ ಇನ್ನೂ ಸೊಗಸಾದುದು. ಅಲ್ಲಿನ ಕ್ರೈಸ್ತ ರಾಜ್ಯದ ಕೊನೆಯ ಆಸರೆಯಾಗಿದ್ದ ಆಕ್ರೆ ಕೋಟೆ 1291ರಲ್ಲಿಯೇ ಬಿದ್ದಿತು. ಆದರೂ ಶತಮಾನಗಳ ತರುವಾಯ ಸ್ಪೇನಿನ ದೊರೆಗಳು, ಆಸ್ಟ್ರಿಯದ ಚಕ್ರವರ್ತಿಗಳು, ಸವಾಯ್ ವಂಶದ ಅರಸರು, ಮೂವರೂ ಏಕಕಾಲದಲ್ಲಿ ಜೆರೂಸಲೇಮಿನ ರಾಜರೆನಿಸಿಕೊಳ್ಳುತ್ತಿದ್ದರು. ಊರು ಮಾತ್ರ 1917ರವರೆಗೆ ಸುಮಾರು ನಾನೂರು ವರ್ಷ ತುರ್ಕಿಯ ಸುಲ್ತಾನರ ವಶದಲ್ಲಿತ್ತು. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಪರರನ್ನು ನಗುವಾಗ ನಮ್ಮ ಶಾಸನಗಳನ್ನು ಮರೆಯುವುದು ನ್ಯಾಯವಲ್ಲ. ಕಲ್ಯಾಣದಲ್ಲಿ ಆಳಿದ ಕಳಚುರಿಗಳು ಬುಂದೇಲಖಂಡದ ಕಾಲಂಜರಕ್ಕೆ ಪುರವರಾಧೀಶ್ವರರೆನಿಸಿಕೊಂಡರು. ಹೊಯ್ಸಳರೂ ದೇವಗಿರಿಯ ಸೇವುಣರೂ ತಾವು ತಾವೇ ದ್ವಾರಾವತೀಪುರವರಾಧೀಶ್ವರರೆಂದು ಕಲ್ಲಿನಲ್ಲಿ ಬರೆಯಿಸಿದರು. ಆದರೆ ಈ ಬಿರುದುಗಳು ವಂಶದ ಮೂಲವನ್ನು ನೆನೆಯುವ ಅಭಿಮಾನದಿಂದ ಹುಟ್ಟಿದವು. ಪರರ ಮನೆಯನ್ನು ಸೇರಿಕೊಳ್ಳುವ ಸಂಕಲ್ಪದಿಂದ ಹುಟ್ಟಿದವಲ್ಲ. ಹೊಯ್ಸಳರಿಗೂ ಸೇವುಣರಿಗೂ ಯುದ್ಧಗಳು ನಡೆದದ್ದು ಕನ್ನಡ ನೆಲಕ್ಕಾಗಿ, ದ್ವಾರಕೆಗಾಗಿ ಅಲ್ಲ. ದ್ವಾರಕೆಯ ಒಕ್ಕಲಿಗನಿಂದ ಹೊಯ್ಸಳರ ಅಧಿಕಾರಿಯು ಒಂದು ಕಾಸನ್ನೂ ಕೇಳಲಿಲ್ಲ.

ಪೋರ್ತುಗಲ್ಲಿನ ಬಿರುದು ಈ ಜಾತಿಯದಲ್ಲ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯನ್ನು ಕಂಡು, ಮರುವರ್ಷ ಲಿಸ್ಬನ್ನಿಗೆ ಹಿಂದಿರುಗಿದನು. ಆ 1499ರಲ್ಲಿಯೇ ದೊರೆ ಒಂದನೆಯ ಮಾನ್ಯುಯೆಲನು ತನ್ನನ್ನು ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಇಂಡಿಯಗಳ ಜಯ, ನೌಕಾಯಾನ, ವಾಣಿಜ್ಯಗಳ ಒಡೆಯನೆಂದು ಕರೆದುಕೊಂಡನು. ಅಂದು ಇಂಡಿಯದಲ್ಲಿ ಅವನಿಗೆ ಅಂಗೈಯಗಲ ನೆಲವೂ ಇರಲಿಲ್ಲ. ಕೊಚ್ಚಿಯಲ್ಲಿ ಮೊದಲ ಕೋಟೆ ಎದ್ದದ್ದು 1503ರಲ್ಲಿ. ಗೋವೆ ಕೈಸೇರಿದ್ದು 1510ರಲ್ಲಿ. ಕನ್ನಡ ಕರಾವಳಿಗೆ ಒಡೆಯರಾಗಿ ವಿಜಯನಗರದ ಅರಸರಿದ್ದರು. ಇಥಿಯೋಪಿಯವನ್ನಾಗಲಿ, ಪರ್ಷಿಯವನ್ನಾಗಲಿ ಪೋರ್ತುಗೀಸರು ಎಂದೂ ಆಳಲಿಲ್ಲ. ಪರ್ಷಿಯದ ಕೊಲ್ಲಿಯ ಬಾಯಲ್ಲಿ ಹೋರ್ಮುಜ್ ದ್ವೀಪವನ್ನು ಹಿಡಿದು 1622ರಲ್ಲಿ ಅದನ್ನೂ ಕಳೆದುಕೊಂಡರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ರಾಜ್ಯಕ್ಕೆ ಮುಂಚೆಯೇ ಬಿರುದು ಸಿದ್ಧವಾಗಿತ್ತು.

ಆದರೆ ಆ ಕುಲಾವಿಯ ಬೆಲೆಯನ್ನು ತೆತ್ತವರು ನಮ್ಮವರು. ನೌಕಾಯಾನದ ಒಡೆಯನಾದ ಮೇಲೆ ಸಮುದ್ರದಲ್ಲಿ ಹೋಗುವವರೆಲ್ಲರೂ ಅವನ ಅಪ್ಪಣೆ ಪಡೆಯಬೇಕಷ್ಟೆ! ಕಾರ್ತಾಜ್ ಎಂಬ ರಹದಾರಿ ಪತ್ರವಿಲ್ಲದ ಹಡಗನ್ನು ಹಿಡಿಯತಕ್ಕದ್ದು, ಸರಕನ್ನು ಕಿತ್ತುಕೊಳ್ಳತಕ್ಕದ್ದು ಎಂದಾಯಿತು. ಪತ್ರ ಪಡೆದವನು ಪೋರ್ತುಗೀಸರ ರೇವಿಗೆ ಹೋಗಿ ಸುಂಕ ಕಟ್ಟಬೇಕು. ತಲೆತಲಾಂತರದಿಂದ ಅರಬಸ್ತಾನದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕನು ತನ್ನ ಕಡಲಿನಲ್ಲಿಯೇ ಕಳ್ಳನೆನಿಸಿದನು. ಮಕ್ಕೆಗೆ ಹೋಗುವ ಮೊಗಲ ಬಾದಶಹರ ಹಡಗುಗಳಿಗೂ ಈ ಪತ್ರ ತಪ್ಪಲಿಲ್ಲ. ಭಟ್ಕಳ, ಬಾರಕೂರು ಮೊದಲಾದ ರೇವುಗಳಿಂದ ಅಕ್ಕಿಯು ಕಪ್ಪವಾಗಿ ಹೋಯಿತು. ಕಪ್ಪ ಕೊಡೆನೆಂದು ನಿಂತ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರನ್ನು ತುಳುನಾಡು ಇಂದಿಗೂ ಮರೆತಿಲ್ಲ.

ಇದಕ್ಕೆ ಪಂಡಿತರ ಸಮರ್ಥನೆಯೂ ದೊರೆಯಿತು. ಸಮುದ್ರವು ಎಲ್ಲರಿಗೂ ಸಾಮಾನ್ಯವೆಂಬ ನ್ಯಾಯ ಯೂರೋಪಿನವರಿಗೆ ಸಲ್ಲತಕ್ಕದ್ದೇ ಹೊರತು ಮುಸಲ್ಮಾನರಿಗೂ ಇತರ ಅನ್ಯಮತದವರಿಗೂ ಸಲ್ಲದೆಂದು ಪೋರ್ತುಗೀಸ್ ಇತಿಹಾಸಕಾರ ಬಾರೋಸನು ವಾದಿಸಿದನು. ಹಾಲೆಂಡಿನ ಗ್ರೋಷಿಯಸನು 1609ರಲ್ಲಿ ಇದಕ್ಕೆ ಉತ್ತರವಿತ್ತನು: ಆ ನಾಡುಗಳಿಗೆ ತಮ್ಮವೇ ಅರಸರೂ ಶಾಸನಗಳೂ ಇರುವಾಗ, ಕಂಡವನು ಒಡೆಯನಾಗಲಾರನು, ಪೋಪನ ದಾನಪತ್ರವೂ ಅವನನ್ನು ಒಡೆಯನನ್ನಾಗಿ ಮಾಡಲಾರದು. ಮಾತು ಸರಿಯಾದುದೇ. ಆದರೆ ಅದನ್ನು ಬರೆಯಿಸಿದ ಡಚ್ ವರ್ತಕರು ಸಾಂಬಾರ ದ್ವೀಪಗಳಿಗೆ ಹೋಗಿ ತಾವೂ ಅದನ್ನೇ ಮಾಡಿದರು. ನಮ್ಮ ಪರವಾಗಿ ಪರರು ಹೂಡುವ ವಾದವನ್ನು ಎಷ್ಟು ನಂಬಬೇಕೆಂಬುದಕ್ಕೆ ಇದೊಂದು ಪಾಠ.

ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಮಂಗಳೂರು, ಬಸರೂರು, ಹೊನ್ನಾವರದ ಕೋಟೆಗಳಿಂದ ಪೋರ್ತುಗೀಸರನ್ನು ಹೊರಡಿಸಿದನು. ಲಿಸ್ಬನ್ನಿನ ಬಿರುದಾವಳಿಯಲ್ಲಿ ಒಂದಕ್ಷರವೂ ಕಡಿಮೆಯಾಗಲಿಲ್ಲ. ಒಂದನೆಯ ಮಾನ್ಯುಯೆಲನು ಧರಿಸಿದ ಬಿರುದು 1910ರಲ್ಲಿ ಎರಡನೆಯ ಮಾನ್ಯುಯೆಲನು ಸಿಂಹಾಸನದಿಂದ ಇಳಿಯುವವರೆಗೂ ನಡೆದುಬಂದಿತು. ರಾಜ್ಯಪದ್ಧತಿ ಅಳಿದರೂ ಬುದ್ಧಿ ಅಳಿಯಲಿಲ್ಲ. 1951ರಲ್ಲಿ ರಾಜ್ಯಾಂಗವನ್ನು ತಿದ್ದಿ ವಸಾಹತುಗಳಿಗೆ ಕಡಲಾಚೆಯ ಪ್ರಾಂತಗಳೆಂದು ಹೆಸರಿಟ್ಟರು. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿ ಹಲವರನ್ನು ಕೊಂದರು. ಅದೇ ವರ್ಷದ ಕೊನೆಯಲ್ಲಿ ವಿಶ್ವಸಂಸ್ಥೆಯನ್ನು ಸೇರಿ, ತಮ್ಮಲ್ಲಿ ಪರತಂತ್ರ ನಾಡುಗಳೇ ಇಲ್ಲವೆಂದು ಹೇಳಿದರು. 1960ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಈ ಮಾತನ್ನು ತಳ್ಳಿಹಾಕಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮುಕ್ತವಾಯಿತು. ಲಿಸ್ಬನ್ ಅದನ್ನು ಒಪ್ಪಿದ್ದು ಮಾತ್ರ 1974ರ ಕೊನೆಯ ದಿನ.

ಆದುದರಿಂದ ಬಿರುದು ಬರಿಯ ಮಾತೆಂದು ಉಪೇಕ್ಷಿಸುವುದು ವಿವೇಕವಲ್ಲ. ಬಲವಿಲ್ಲದವನ ಬಾಯಲ್ಲಿ ಅದು ವಿನೋದ; ಹಡಗು ಫಿರಂಗಿಗಳುಳ್ಳವನ ಬಾಯಲ್ಲಿ ಅದು ಮುಂಗಡವಾಗಿ ಬರೆದಿಟ್ಟ ಕ್ರಯಪತ್ರ. ಅರಸರ ಕಾಲ ಕಳೆದರೂ ಹಳೆಯ ಕಾಗದವನ್ನೂ ಹಳೆಯ ನಕ್ಷೆಯನ್ನೂ ಹಿಡಿದು ನೆರೆಯವರ ನೆಲವನ್ನೂ ಸಮುದ್ರವನ್ನೂ ಕೇಳುವ ಸರ್ಕಾರಗಳು ಇಲ್ಲದೆ ಹೋಗಿಲ್ಲ. ಅಂತಹ ಹಕ್ಕನ್ನು ಯಾರೇ ಮುಂದಿಡಲಿ, ನಮ್ಮವರೇ ಮುಂದಿಡಲಿ, ಕೇಳಬೇಕಾದ ಪ್ರಶ್ನೆ ಒಂದೇ: ಆ ನೆಲದಲ್ಲಿ ಬಾಳುವ ಜನ ಇದಕ್ಕೆ ಒಪ್ಪಿದ್ದಾರೆಯೆ? ಒಪ್ಪದಿದ್ದರೆ ಐದು ದಿನದ ಬಿರುದಿಗೂ ಐನೂರು ವರ್ಷದ ಬಿರುದಿಗೂ ಭೇದವಿಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ.